ವಾಲಗದ ಪಹಣಿ

ಮದುವೆಯ ವಾಲಗವನ್ನು ಕಂಪ್ಯೂಟರಿಗೆ ಇಳಿಸಿ ಮಿಡಿ ಫೈಲಾಗಿ ಎಕ್ಸ್‌ಪೋರ್ಟ್ ಮಾಡುವಾಗ ಯಾವ ಸೆಟ್ಟಿಂಗ್ ಇಡಬೇಕು ಎಂದು ಕೇಳುವವರಿದ್ದಾರೆ. ಸಂಗೀತ ಕಲಿತವರಿಂದ ಇದಕ್ಕೆ ಉತ್ತರ ಸಿಗದು. ಅವರ ಗಮನವೆಲ್ಲ ಸಂಗೀತದ ಮೇಲಿರುತ್ತದೆ. ತಕ್ಕವರೆಂದರೆ ಕುಂದಾಣ ಹೋಬಳಿಯ ನಾವು. 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಇಲ್ಲಿ ಡೇರಿಗೆ ಹಾಲು ಹಾಕುವ ಹುಡುಗನಿಗೂ ಪಹಣಿ ಓದಲು ಬರುತ್ತದೆ. ಬೀರಸಂದ್ರದ ಜಿಲ್ಲಾಡಳಿತ ಭವನವೂ ನಮ್ಮ ಹೋಬಳಿಯಲ್ಲೇ ಇದೆ.

ಮಿಡಿ ಫೈಲೂ ಒಂದು ಪಹಣಿಯೇ. ಪಹಣಿಯಲ್ಲಿ ಮಣ್ಣಿಲ್ಲ, ಮಿಡಿಯಲ್ಲಿ ನಾದವಿಲ್ಲ. ಯಾವ ಸ್ವರ, ಯಾವಾಗ ಒತ್ತಿದ್ದು, ಎಷ್ಟು ಜೋರು, ಯಾವಾಗ ಬಿಟ್ಟದ್ದು, ಇಷ್ಟೇ ದಾಖಲೆ.

ಮೊದಲು ಖಾತೆ. ಟೈಪ್ 0 ಎಂದರೆ ಅಣ್ಣತಮ್ಮಂದಿರ ಜಂಟಿ ಖಾತೆ, 16 ಚಾನಲ್ಲೂ ಒಂದೇ ಟ್ರ್ಯಾಕಿನಲ್ಲಿ. ಟೈಪ್ 1 ಪೋಡಿ ಆದದ್ದು. ನಾಗಸ್ವರ, ಡೋಲು, ಶ್ರುತಿ ಬೇರೆ ಬೇರೆ ಟ್ರ್ಯಾಕು. ಹಳೇ ಕೀಬೋರ್ಡಿಗೆ ಹಾಕಿ ನುಡಿಸುವವರು 0 ಆರಿಸಿ, ಮುಂದೆ ತಿದ್ದುಪಡಿ ಇರುವವರು 1. ಟೈಪ್ 2 ಅಂತಲೂ ಒಂದಿದೆ. ನಿಯಮದಲ್ಲಿದೆ, ಬಳಕೆಯಲ್ಲಿಲ್ಲ.

ಆಮೇಲೆ ವಿಸ್ತೀರ್ಣ. ಎಕರೆಗೆ 40 ಗುಂಟೆ, ಬೀಟಿಗೆ 480 ಟಿಕ್ಕು. ಚತುರಶ್ರ ನಡೆಗೆ 120, ತಿಶ್ರಕ್ಕೆ 160, ಖಂಡಕ್ಕೆ 96ರಂತೆ ಜಗಳವಿಲ್ಲದೆ ಪಾಲಾಗುತ್ತದೆ. ಡೋಲಿನವನು ಮಿಶ್ರ ನಡೆಗೆ ಇಳಿದನೋ, ತಕರಾರು. ಏಳು ಪಾಲಿಗೆ ತಲಾ 68 ಕೊಟ್ಟ ಮೇಲೂ ನಾಲ್ಕು ಟಿಕ್ಕು ಮಿಗುತ್ತವೆ. 960ಕ್ಕೆ ಏರಿಸಿದರೆ ಸರಿಹೋದೀತು ಎನ್ನುವವರಿದ್ದಾರೆ. ಆಗ ಮಿಗುವುದು ಒಂದೇ ಟಿಕ್ಕು. ವ್ಯಾಜ್ಯಕ್ಕೆ ಅಷ್ಟು ಸಾಕು. ಮಿಕ್ಕದ್ದನ್ನು ಬಿ ಖರಾಬಿಗೆ ಸೇರಿಸಿ. ಡೋಲಿನವನಿಗೆ ನೋಟಿಸ್ ಬೇಡ. ಅವನ ಹತ್ತಿರ ಟಿಕ್ಕುಗಳೇ ಇಲ್ಲದ್ದರಿಂದ ಅವನ ಲೆಕ್ಕ ಹೇಗೋ ಸರಿಯಾಗಿಯೇ ಬರುತ್ತದೆ.

ಮೂರನೆಯದು ಹದ್ದುಬಸ್ತು. ಗಮಕಗಳು ಪಿಚ್ ಬೆಂಡ್ ಆಗಿ ದಾಖಲಾಗುತ್ತವೆ. ಮಾಮೂಲಿ ಎಲ್ಲೆ ಮೇಲಕ್ಕೆ ಎರಡು ಸೆಮಿಟೋನ್, ಕೆಳಕ್ಕೆ ಎರಡು. ನೀವು ಹನ್ನೆರಡಕ್ಕೆ ಅಳತೆ ಮಾಡಿ, ಆ ಮಾತನ್ನು ಫೈಲಿನಲ್ಲಿ ಬರೆಯದೆ ಕಳಿಸಿದರೆ ಅತ್ತಲವರ ಕೀಬೋರ್ಡು ತನ್ನ ಎರಡರಲ್ಲೇ ಅಳೆಯುತ್ತದೆ. ತೋಡಿಯ ಗಾಂಧಾರದ ಓಲಾಟದಲ್ಲಿ ಆರನೇ ಐದು ಭಾಗ ಒತ್ತುವರಿಯಾಗಿ, ಉಳಿದದ್ದು ನೆಗಡಿಯಾದವರು ಹಾಡಿದಂತೆ ಕೇಳಿಸುತ್ತದೆ.

ಕೊನೆಗೆ ಹಕ್ಕುದಾರರ ಕಾಲಂ. 1991ರ ಜನರಲ್ ಮಿಡಿ ಪಟ್ಟಿಯಲ್ಲಿ 128 ಹೆಸರುಗಳಿವೆ. ಸಿತಾರಿಗೆ 105, ಬ್ಯಾಗ್‌ಪೈಪಿಗೆ 110, ಶಹನಾಯಿಗೆ 112. ನಾಗಸ್ವರದ ಹೆಸರಿಲ್ಲ, ಸದ್ಯಕ್ಕೆ ಶಹನಾಯಿ ಹೆಸರಿನಲ್ಲಿ ಬೇನಾಮಿ ಇಟ್ಟುಕೊಳ್ಳಿ. ತಾಳವಾದ್ಯಗಳಿಗೆ ಮೀಸಲಾದ 10ನೇ ಚಾನಲ್ಲಿನಲ್ಲಿ ಸೀಟಿಗೆ ಗಿಡ್ಡದ್ದೊಂದು, ಉದ್ದದ್ದೊಂದು ಎಂದು ಎರಡು ನಂಬರು ಮಂಜೂರಾಗಿವೆ: 71, 72. ಡೋಲು, ತಮಟೆ ತಲೆಮಾರುಗಳಿಂದ ಅನುಭವದಲ್ಲಿದ್ದರೂ ದಾಖಲೆಯಲ್ಲಿ ಇಲ್ಲ.

ಎಲ್ಲ ಕಾಲಂ ತುಂಬಿ ಸೇವ್ ಒತ್ತಿದರೆ ಕೆಲವೇ ಕಿಲೋಬೈಟಿನ, ಯಾರೂ ಬೆರಳಿಟ್ಟು ತೋರಿಸಲಾಗದ ಫೈಲು ಸಿದ್ಧ. ಗಟ್ಟಿಮೇಳಕ್ಕೆ ಪುರೋಹಿತರು ಕೈ ಎತ್ತುವುದಕ್ಕೆ ಮಾತ್ರ ಯಾವ ಸೆಟ್ಟಿಂಗೂ ಇಲ್ಲ. ಹಾಗಾಗಿ ಮುಹೂರ್ತದ ದಿನ ವಾಲಗದವರನ್ನೂ ಕರೆಸಿ, ಸ್ಥಳ ತನಿಖೆಗೆ.