ಭಾಂಡುಪಿನ ಗಾಳಿ, ಬೆಂಗಳೂರಿನ ಜೆಟ್

ಮುಂಬೈಯಲ್ಲಿ ಖಾಲಿ ರಸ್ತೆ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಸ್ಕೂಟರಿಗೆ ಪ್ರವೇಶವಿಲ್ಲ. 2002ರಲ್ಲಿ ಪೂರ್ತಿಯಾದ ಪುಣೆ ಎಕ್ಸ್‌ಪ್ರೆಸ್ ವೇಯಲ್ಲಿ ಬೇಡ ಎಂದರು. 2009ರಲ್ಲಿ ಬಾಂದ್ರಾ–ವರ್ಲಿ ಸೀ ಲಿಂಕ್ ಬಂತು, ಅಲ್ಲೂ ಬೇಡ. 2024ರಲ್ಲಿ ಅಟಲ್ ಸೇತು, ಅದೇ ವರ್ಷ ಕೋಸ್ಟಲ್ ರೋಡ್. ಎರಡಕ್ಕೂ ನಾವು ಅಸ್ಪೃಶ್ಯರೇ. ಪ್ರವೇಶ ಇರುವ ಕಡೆ ಏನಿದೆ? ಎಲ್.ಬಿ.ಎಸ್. ಮಾರ್ಗವಿದೆ. ಸಯನ್ ಕಡೆಯಿಂದ ಹೊರಟು ಕುರ್ಲಾ, ಘಾಟ್‌ಕೋಪರ್, ವಿಕ್ರೋಲಿ, ಭಾಂಡುಪ್, ಮುಲುಂಡ್ ಎಲ್ಲರನ್ನೂ ಮಾತಾಡಿಸಿಕೊಂಡು ಠಾಣೆಗೆ ಹೋಗುವ ಈ ರಸ್ತೆಯಲ್ಲಿ ಬಸ್ಸು, ಟೆಂಪೊ, ರಿಕ್ಷಾ, ಮೆಟ್ರೊ ಕಾಮಗಾರಿಯ ತಗಡು, ಅದರ ನಡುವೆ ಉಳಿದ ಸಂದಿಯಲ್ಲಿ ನಾವು.

ಇಂಥ ಊರಿಗೆ ನನ್ನ ಅಕ್ಕನ ಮಗ ಬೆಂಗಳೂರಿನಿಂದ ಮೂವತ್ತು ಮಿಲಿಮೀಟರಿನ ಕಾರ್ಬೊರೇಟರ್ ಹಿಡಿದುಕೊಂಡು ಬಂದಿಳಿದ. ನನ್ನ ಲ್ಯಾಂಬಿ ಸ್ಕೂಟರಿಗೆ ಹಾಕಲು.

ಲ್ಯಾಂಬಿಯ ಕುಲಗೋತ್ರ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅದು ಬೇಸರ ಮಾಡಿಕೊಳ್ಳುತ್ತದೆ. ಇಟಲಿಯ ಇನ್ನೊಚೆಂತಿ ಕಂಪನಿಯ ಲ್ಯಾಂಬ್ರೆಟ್ಟಾ ಸ್ಕೂಟರನ್ನು ಐವತ್ತರ ದಶಕದಲ್ಲಿ ನಮ್ಮ ದೇಶದಲ್ಲಿ ಜೋಡಿಸಿ ಮಾರಿದ್ದು ಆಟೊಮೊಬೈಲ್ ಪ್ರಾಡಕ್ಟ್ಸ್ ಆಫ್ ಇಂಡಿಯಾ. ಕಾರ್ಖಾನೆ ಇದ್ದದ್ದು ಇದೇ ಭಾಂಡುಪಿನಲ್ಲಿ. ಮುಂದೆ ಆ ಇಟಲಿಯ ಹೆಸರು ಕೈತಪ್ಪಿದ ಮೇಲೆ ಅದೇ ಸ್ಕೂಟರು ಲ್ಯಾಂಬಿ ಆಯಿತು. ಹಾಗಾಗಿ ನನ್ನ ಗಾಡಿ ಹುಟ್ಟಿದ ಜಾಗದಿಂದ ಅದನ್ನು ನಿಲ್ಲಿಸುವ ಜಾಗಕ್ಕೆ ನಡೆದುಕೊಂಡು ಹೋಗಬಹುದು. ಎಷ್ಟೋ ಸಲ ಹೋಗಿದ್ದೇನೆ ಕೂಡ, ಅದನ್ನು ತಳ್ಳಿಕೊಂಡು.

ಅಳಿಯನಿಗೆ ಪವಾಯಿಯಲ್ಲಿ ಕೆಲಸ ಸಿಕ್ಕಿತು, ನಮ್ಮನೆಯಲ್ಲಿ ಉಳಿದ. ಮೊದಲು ಸ್ಕೂಟರ್ ತೊಳೆದ. ಇಷ್ಟಕ್ಕೇ ನಾನು ಜಾಗೃತನಾಗಬೇಕಿತ್ತು ಎಂದು ಹೆಂಡತಿಯ ಅಭಿಪ್ರಾಯ. ಆಮೇಲೆ ಸಿಲಿಂಡರ್ ಬೋರ್ ಮಾಡಿಸಿದ, ಪೋರ್ಟುಗಳನ್ನು ಅರ ಹಾಕಿ ಅಗಲಿಸಿದ, ಹೊಟ್ಟೆ ಉಬ್ಬಿದ ರೇಸಿನ ಸೈಲೆನ್ಸರ್ ಹಾಕಿಸಿದ. “ಈಗ ಇಂಜಿನ್‌ಗೆ ಉಸಿರು ಸಾಲ್ತಿಲ್ಲ ಮಾವ, ನಾನು ತಂದ ದೊಡ್ಡ ಕಾರ್ಬ್ ಹಾಕ್ಬೇಕು” ಎಂದ. ಭಾಂಡುಪಿನಲ್ಲಿ ಯಾರಿಗೆ ಉಸಿರು ಸಾಲುತ್ತದೆ ಮಾರಾಯ ಎಂದೆ. ಕೇಳಿಸಿಕೊಳ್ಳಲಿಲ್ಲ.

ಕಾರ್ಬೊರೇಟರ್ ಕೆಲಸ ಮಾಡುವುದು ಅದರ ಗಂಟಲು ಕಿರಿದಾಗಿರುವುದರಿಂದ. ಪಿಸ್ಟನ್ ಮೇಲೇರುವಾಗ ಕೆಳಗಿನ ಕೋಣೆಯಲ್ಲಿ ಎಳೆತ ಹುಟ್ಟುತ್ತದೆ, ಗಾಳಿ ನುಗ್ಗುತ್ತದೆ. ಕಿರಿದಾದ ಕಡೆ ಗಾಳಿಗೆ ವೇಗ ಬರುತ್ತದೆ, ವೇಗ ಬಂದಲ್ಲಿ ಒತ್ತಡ ಇಳಿಯುತ್ತದೆ, ಆ ಇಳಿದ ಒತ್ತಡಕ್ಕೆ ಜೆಟ್ಟಿನ ತೂತಿನಿಂದ ಪೆಟ್ರೋಲು ಮೇಲೆದ್ದು ಮಂಜಾಗಿ ಗಾಳಿಗೆ ಸೇರುತ್ತದೆ. ತೂಕದಲ್ಲಿ ಪೆಟ್ರೋಲು ಒಂದಕ್ಕೆ ಗಾಳಿ ಸುಮಾರು ಹದಿನಾಲ್ಕೂಮುಕ್ಕಾಲು ಇದ್ದರೆ ಪೆಟ್ರೋಲೂ ಆಮ್ಲಜನಕವೂ ಪೂರ್ತಿ ಖರ್ಚಾಗಿ ಲೆಕ್ಕ ಚುಕ್ತಾ. ಜೋರು ಬೇಕಿದ್ದವರು ಗಾಳಿಯನ್ನು ಹದಿಮೂರರ ಆಸುಪಾಸಿಗೆ ಇಳಿಸುತ್ತಾರೆ. ಇಪ್ಪತ್ತೆರಡರ ಗಂಟಲಿಗಿಂತ ಮೂವತ್ತರದ್ದು ವಿಸ್ತೀರ್ಣದಲ್ಲಿ ಹತ್ತಿರಹತ್ತಿರ ಇಮ್ಮಡಿ. ಇಂಜಿನ್ ಕಿರುಚುತ್ತಿರುವಾಗ ಇದು ಒಳ್ಳೆಯದೇ. ಆದರೆ ನಿಧಾನವಾಗಿ ಹೋಗುವಾಗ ಅಷ್ಟಗಲದ ಗಂಟಲಿನಲ್ಲಿ ಗಾಳಿ ವಾಕಿಂಗ್ ಹೊರಡುತ್ತದೆ, ಪೆಟ್ರೋಲನ್ನು ಎತ್ತುವ ಉಮೇದು ಅದಕ್ಕಿರುವುದಿಲ್ಲ. ರೇಸ್ ಕೊಟ್ಟರೆ ಇಂಜಿನ್ “ಬ್ವಾ...” ಎಂದು ಕುಸಿಯುತ್ತದೆ, ಹಿಂದಿನ ರಿಕ್ಷಾದವನು ನಮ್ಮ ವಂಶವನ್ನು ನೆನೆಯುತ್ತಾನೆ.

ಕುರ್ಲಾದ ಸಿ.ಎಸ್.ಟಿ. ರೋಡಿನ ಆಚೆ ಗಲ್ಲಿಯೊಂದರಲ್ಲಿ ನಮ್ಮ ಉಸ್ತಾದರ ಗ್ಯಾರೇಜು. ಅವರು ಮೂವತ್ತರದ್ದನ್ನು ಕೈಯಲ್ಲಿ ತಿರುಗಿಸಿ ನೋಡಿ, “ಅಣ್ಣಾ, ಯೇ ಸ್ಕೂಟರ್ ಮೇ ಲಗಾನಾ ಹೈ ಯಾ ಟ್ರಕ್ ಮೇ?” ಎಂದು ಕೇಳಿದರು. ಲ್ಯಾಂಬಿಯ ಇಂಜಿನ್ ಮಲಗಿಕೊಂಡಿರುತ್ತದೆ. ಕಾರ್ಬೊರೇಟರಿಗೆ ಪಕ್ಕದ ಕವಚದೊಳಗೆ ಸ್ವಲ್ಪವೇ ಜಾಗ, ಗಾಳಿಯ ರಬ್ಬರ್ ಪೈಪು ಅಲ್ಲೇ ಬಳುಕಿ ಬರಬೇಕು. ಮೂವತ್ತರದ್ದನ್ನು ಕೂರಿಸಿದರೆ ಕವಚ ಮುಚ್ಚುವುದಿಲ್ಲ. “ಹಾಗಾದರೆ ಕವಚವನ್ನೇ ಕತ್ತರಿಸೋಣ” ಎಂದ ಅಳಿಯ. ಆ ಮಾತಿಗೆ ಉಸ್ತಾದರು ಚಹಾ ಲೋಟ ಕೆಳಗಿಟ್ಟರು. ನಾನು ಅವರ ಮುಖದಲ್ಲಿ ಅಂಥ ನೋವನ್ನು ಬಿಲ್ ಕೊಡದ ಗಿರಾಕಿಗಳ ಮುಂದೆಯೂ ಕಂಡಿರಲಿಲ್ಲ.

ಅಷ್ಟರಲ್ಲಿ ಮನೆಯಲ್ಲಿ ಜೆಟ್ಟುಗಳ ಸಂಸಾರ ಬೆಳೆಯುತ್ತಿತ್ತು. ಜೆಟ್ ಎಂದರೆ ತೂತಿರುವ ಹಿತ್ತಾಳೆಯ ಪುಟ್ಟ ತಿರುಪು. ಇಟಲಿಯ ಡೆಲ್ಲೊರ್ಟೊ ಪದ್ಧತಿಯಲ್ಲಿ 100 ಎಂದರೆ ತೂತಿನ ವ್ಯಾಸ ಒಂದು ಮಿಲಿಮೀಟರ್, 105 ಎಂದರೆ ಅದಕ್ಕಿಂತ ಕೂದಲೆಳೆ ದೊಡ್ಡದು. ಇವನ್ನು ಬೆರೆಯದಂತೆ ಇಡಲು ಅಳಿಯನಿಗೆ ಸಿಕ್ಕಿದ್ದು ವಾರದ ಏಳು ಖಾನೆಗಳಿರುವ, ಅವನ ಅತ್ತೆಯ ಮಾತ್ರೆ ಡಬ್ಬಿ. ಒಂದು ಬೆಳಿಗ್ಗೆ ಬಾತ್‌ರೂಮಿನಿಂದ ಕೂಗಿದ: “ಅತ್ತೇ, ಗುರುವಾರದ್ದು ನುಂಗಬೇಡಿ, ಅದು ನೂರಾ ಹದಿನೆಂಟು!” ಬಿ.ಪಿ. ಎಷ್ಟಿದೆ ಎಂದು ಹೇಳುತ್ತಿದ್ದಾನೆಂದು ತಿಳಿದು ಅವಳು ಸಮಾಧಾನಪಟ್ಟುಕೊಂಡಳು. ಪಾಯಸದ ಬಟ್ಟಲಿನಲ್ಲಿ ಕಾರ್ಬೊರೇಟರ್ ಪೆಟ್ರೋಲ್ ಸ್ನಾನ ಮಾಡುತ್ತಿದ್ದದ್ದು ಕಂಡ ಮೇಲೆ ಆ ಸಮಾಧಾನ ಹೋಯಿತು.

ಜೆಟ್ಟುಗಳೆಲ್ಲ ಅವನ ಬೆಂಗಳೂರಿನ ಗೆಳೆಯರು ಆರಿಸಿಕೊಟ್ಟವು. ತೊಡಕು ಅಲ್ಲೇ ಇತ್ತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಅಲ್ಲಿನ ಗಾಳಿ ತೆಳು. ಅಲ್ಲಿಗೆ ಒಪ್ಪುವ ಜೆಟ್ಟು ಕಡಲ ಮಟ್ಟದ ಭಾಂಡುಪಿನಲ್ಲಿ ಕಡಿಮೆ ಬೀಳುತ್ತದೆ. ಗಾಳಿ ಹೆಚ್ಚು, ಪೆಟ್ರೋಲು ಕಮ್ಮಿ. ನಾಲ್ಕು ಸ್ಟ್ರೋಕಿನ ಗಾಡಿ ಇದನ್ನು ಗೊಣಗಿಕೊಂಡು ಸಹಿಸೀತು. ಲ್ಯಾಂಬಿಯಂಥ ಎರಡು ಸ್ಟ್ರೋಕಿನದಕ್ಕೆ ಆಯಿಲ್ ಬರುವುದೇ ಪೆಟ್ರೋಲಿನ ಜೊತೆ, ಲೀಟರಿಗೆ ಇಪ್ಪತ್ತು ಮಿಲಿಲೀಟರ್ ಲೆಕ್ಕದಲ್ಲಿ. ಪೆಟ್ರೋಲು ಕಡಿಮೆಯಾದರೆ ಆಯಿಲೂ ಕಡಿಮೆ, ಕಾವು ಹೆಚ್ಚು, ಪಿಸ್ಟನ್ ಉಬ್ಬಿ ಸಿಲಿಂಡರನ್ನು ಕಚ್ಚಿ ಹಿಡಿಯುತ್ತದೆ, ಹಿಂದಿನ ಚಕ್ರ ನಡುರಸ್ತೆಯಲ್ಲಿ ಸ್ತಬ್ಧ. ಸೀಜ್ ಎನ್ನುವುದು ಇದಕ್ಕೇ. ಅದಕ್ಕೆ ಉಸ್ತಾದರ ಪದ್ಧತಿ ದೊಡ್ಡ ಜೆಟ್ಟಿನಿಂದ ಶುರುಮಾಡಿ ಒಂದೊಂದೇ ಮೆಟ್ಟಿಲು ಇಳಿಯುವುದು. ಹೊಗೆ ಬಂದರೆ ಬರಲಿ, ಹೊಗೆಗೆ ಯಾರೂ ಸಾಯುವುದಿಲ್ಲ ಎನ್ನುತ್ತಾರೆ. ಇದನ್ನು ಪರಿಸರದವರು ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ, ಆದರೆ ಪಿಸ್ಟನ್ ಒಪ್ಪುತ್ತದೆ. ಇಷ್ಟರ ಮೇಲೆ ಜೂನ್ ಬಂದರೆ ಗಾಳಿಯಲ್ಲಿ ನೀರಿನ ಆವಿ ತುಂಬಿ ಆಮ್ಲಜನಕದ ಪಾಲು ತಗ್ಗುತ್ತದೆ, ಮೇ ತಿಂಗಳಲ್ಲಿ ಸರಿಯಿದ್ದ ಜೆಟ್ಟು ದೊಡ್ಡದಾಗುತ್ತದೆ. ಪಂಚಾಂಗ ನೋಡಿ ಜೆಟ್ ಬದಲಿಸಬೇಕು.

ಮುಖ್ಯ ಜೆಟ್ ಸರಿಯಿದೆಯೇ ತಿಳಿಯಲು ಒಂದು ಪರೀಕ್ಷೆಯುಂಟು. ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಸ್ವಲ್ಪ ದೂರ ಓಡಿಸಿ, ಅದೇ ಓಟದಲ್ಲಿ ಕ್ಲಚ್ ಹಿಡಿದು ಇಂಜಿನ್ ಆಫ್ ಮಾಡಿ, ನಿಂತು, ಪ್ಲಗ್ ಬಿಚ್ಚಿ ಅದರ ಬಣ್ಣ ನೋಡಬೇಕು. ಬಿಳುಚಿದ್ದರೆ ಸೀಜ್ ಹತ್ತಿರದಲ್ಲಿದೆ, ಮಸಿಗಪ್ಪಾಗಿದ್ದರೆ ಪೆಟ್ರೋಲು ಹೆಚ್ಚು. ಪೂರ್ತಿ ತಿರುಗಿಸಲು ಮುಂಬೈಯಲ್ಲಿ ಉಳಿದಿರುವ ಜಾಗ ಎಂದರೆ ಬೆಳಗಿನ ಜಾವದ ಈಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿ. ಕವಚ ಮುಚ್ಚದೆ ಮೂವತ್ತರದ್ದನ್ನೇ ಹಾಕಿಕೊಂಡು ಹೋದೆವು. ಮುಲುಂಡಿನ ಈಚೆಗೆ ನಿಂತು, ಬಿಸಿ ಪ್ಲಗ್ಗನ್ನು ಚಿಂದಿಯಲ್ಲಿ ಹಿಡಿದು ನೋಡುತ್ತಿರುವಾಗ ಒಬ್ಬ ಹಾಲಿನವನು ನಿಂತ, ಒಬ್ಬ ರಿಕ್ಷಾದವನು ನಿಂತ, ವಾಕಿಂಗ್ ಹೊರಟ ಗುಜರಾತಿ ಸೇಠ್‌ಜಿ ನಿಂತರು. ಈ ಊರಲ್ಲಿ ಬಿದ್ದವನನ್ನು ಎತ್ತಲು ಜನ ಸೇರುವುದಕ್ಕಿಂತ ಬೇಗ ಬಿಚ್ಚಿದ ಇಂಜಿನ್ನಿಗೆ ಸೇರುತ್ತಾರೆ. ಬಣ್ಣ ಬಿಸ್ಕಿಟ್ಟಿನದು, ಸರಿಯಿದೆ ಎಂದ ರಿಕ್ಷಾದವನು, ಸಿ.ಎನ್.ಜಿ. ಬರುವ ಮುಂಚೆ ಎರಡು ಸ್ಟ್ರೋಕ್ ಓಡಿಸಿದವನಂತೆ. ಅಲ್ಲ, ಚಾಕಲೇಟು, ಜಾಸ್ತಿಯಾಯಿತು ಎಂದ ಹಾಲಿನವನು. ನಾನು ಮಾಟುಂಗಾದ ಫಿಲ್ಟರ್ ಕಾಫಿ ಎಂದೆ. “ಡಿಕಾಕ್ಷನ್ನೋ, ಹಾಲು ಹಾಕಿದ್ದೋ ಸರಿಯಾಗಿ ಹೇಳಿ ಮಾವ, ಐದು ನಂಬರ್ ವ್ಯತ್ಯಾಸ ಬರುತ್ತದೆ” ಎಂದು ಅಳಿಯ ರೇಗಿದ. ಸೇಠ್‌ಜಿ ಮಾತ್ರ ವ್ಯವಹಾರದ ಪ್ರಶ್ನೆ ಕೇಳಿದರು: “ಕಿತ್ನಾ ದೇತೀ ಹೈ?” ಮೈಲೇಜಿನ ವಿಷಯಕ್ಕೆ ನಾವಿಬ್ಬರೂ ಕನ್ನಡಕ್ಕೆ ಹೊರಳಿದೆವು.

ಕೊನೆಗೆ ಪಂಚಾಯಿತಿ ಮುಗಿಸಿದ್ದು ಒಂದು ತುಂಡು ಬಿಳಿ ಟೇಪು. ಆಕ್ಸಿಲರೇಟರಿನ ಹಿಡಿಯಲ್ಲಿ ಕಾಲು, ಅರ್ಧ, ಮುಕ್ಕಾಲು ಎಂದು ಗುರುತು ಹಾಕಿ ಓಡಿಸಿ ಬಾ ಎಂದರು ಉಸ್ತಾದರು. ಮುಚ್ಚಿದ ಸ್ಥಿತಿಯಿಂದ ಅರೆಕಾಲಿನವರೆಗೆ ಪೆಟ್ರೋಲು ಕೊಡುವುದು ಪೈಲಟ್ ಜೆಟ್, ಉಸ್ತಾದರ ಭಾಷೆಯಲ್ಲಿ ಸ್ಲೋ ಜೆಟ್. ಅಲ್ಲಿಂದ ಕಾಲಿನವರೆಗೆ ಗಂಟಲು ತೆರೆಯುವ ಸ್ಲೈಡಿನ ಕೊರೆತದ ಆಟ, ಕಾಲಿನಿಂದ ಮುಕ್ಕಾಲಿಗೆ ಆ ಸ್ಲೈಡಿಗೆ ತೂಗುವ ಸೂಜಿಯ ದರಬಾರು. ಅದನ್ನೂ ದಾಟಿದರೆ ಮಾತ್ರ ಮುಖ್ಯ ಜೆಟ್ಟಿಗೆ ಕೆಲಸ. ಅಳಿಯ ಭಾಂಡುಪಿನಿಂದ ಸಯನ್ನಿಗೆ ಹೋಗಿ ಬಂದ. ಟೇಪಿನ ಕಾಲು ಗುರುತನ್ನು ಅವನ ಕೈ ದಾಟಿರಲಿಲ್ಲ. ಮಾತ್ರೆ ಡಬ್ಬಿ ತುಂಬಿದ್ದ ಮುಖ್ಯ ಜೆಟ್ಟುಗಳಿಗೆ ಈ ಶಹರದಲ್ಲಿ ನೌಕರಿಯೇ ಇಲ್ಲ. ವಾರವಿಡೀ ದುಡಿಯುವುದು ಸ್ಲೋ ಜೆಟ್ಟು. ಅದರ ನಂಬರನ್ನು ಇಷ್ಟು ದಿನದಲ್ಲಿ ಯಾರೂ ವಿಚಾರಿಸಿರಲಿಲ್ಲ.

ಉಸ್ತಾದರು ಬಿಸ್ಕಿಟ್ ಡಬ್ಬಿಯಿಂದ ಇಪ್ಪತ್ನಾಲ್ಕರ ಹಳೆಯ ಕಾರ್ಬೊರೇಟರ್ ತೆಗೆದರು. ಕವಚ ಮುಚ್ಚಿತು. ಗಾಳಿ ಸ್ಕ್ರೂವನ್ನು ಪೂರ್ತಿ ಬಿಗಿಮಾಡಿ, ಒಂದೂವರೆ ಸುತ್ತು ಸಡಿಲಿಸಿ, ತಲೆ ವಾಲಿಸಿ ಕೇಳಿದರು. ಪಕ್ಕದಲ್ಲಿ ಲೋಕಲ್ ಟ್ರೇನು ಹೋಯಿತು, ಎದುರು ಅಂಗಡಿಯಲ್ಲಿ ತಗಡು ಬಡಿಯುತ್ತಿದ್ದರು, ಅದರ ನಡುವೆ ಅವರಿಗೆ ಏನು ಕೇಳಿಸಿತೋ, ಕಾಲು ಸುತ್ತು ಹಿಂದಕ್ಕೆ ತಂದರು. ಗಾಡಿ ಒಂದೇ ಸಮನೆ “ಟಪ್ ಟಪ್” ಎನ್ನತೊಡಗಿತು.

ಪಿ.ಯು.ಸಿ. ಎಂಬ ಹೊಗೆ ತಪಾಸಣೆಗೆ ಪೆಟ್ರೋಲ್ ಪಂಪಿಗೆ ಹೋದಾಗ ಅಳಿಯನಿಗೆ ಇನ್ನೊಂದು ಆಘಾತ. ಹೊಗೆ ಅಳೆಯುವುದೂ ಗಾಡಿ ನಿಂತಲ್ಲಿ ಸ್ಲೋದಲ್ಲಿ ಓಡುವಾಗಲೇ. 2000ದ ಮಾರ್ಚಿಗಿಂತ ಹಳೆಯ ದ್ವಿಚಕ್ರಗಳಿಗೆ ಇಂಗಾಲದ ಮಾನಾಕ್ಸೈಡ್ ಶೇಕಡಾ 4.5ರವರೆಗೆ ಮಾಫಿ. ನಮ್ಮದು ಅದರೊಳಗೇ ಬಂತು. “ಒಮ್ಮೆ ರೇಸ್ ಕೊಟ್ಟು ನೋಡ್ತೀರಾ?” ಎಂದು ಅಳಿಯ ಆಸೆಯಿಂದ ಕೇಳಿದ. ಪಂಪಿನ ಹುಡುಗ ಪೈಪು ಕಿತ್ತು ಮುಂದಿನ ಗಾಡಿಗೆ ಚುಚ್ಚಿದ.

ಮೂವತ್ತರ ಕಾರ್ಬೊರೇಟರ್ ಈಗ ಮನೆಯಲ್ಲಿದೆ, ಚೌತಿಯೊಳಗೆ ಹೊರಹೋಗಬೇಕೆಂದು ಹೆಂಡತಿಯ ಆಜ್ಞೆಯಾಗಿದೆ. ಯಾರಿಗಾದರೂ ಬೇಕಿದ್ದರೆ ತಿಳಿಸಿ. ಸೋಮವಾರದಿಂದ ಶನಿವಾರದವರೆಗಿನ ಜೆಟ್ಟುಗಳನ್ನೂ ಜೊತೆಗೆ ಕೊಡುತ್ತೇವೆ. ಭಾನುವಾರದ ಖಾನೆಯಲ್ಲಿ ಮಾತ್ರ ಈಗಾಗಲೇ ಮಾತ್ರೆ ಬಂದಿದೆ.