ಎರಡಿಂಚು ಜಾಸ್ತಿ ಇಡ್ರಿ

ಜೂನ್ ಬಂತೆಂದರೆ ಸೇಡಂ ಬಜಾರಿನ ಟೇಲರ್ ಅಂಗಡಿಗಳಲ್ಲಿ ಒಂದೇ ಮಾತು: "ಎರಡಿಂಚು ಜಾಸ್ತಿ ಇಡ್ರಿ, ಪೋರ ಬೆಳೀತಾನ." ನನ್ನ ಅವ್ವನೂ ಹೀಗೇ ಹೇಳಿ ಹೊಲಿಸುತ್ತಿದ್ದಳು. ಏಳನೆಯ ಇಯತ್ತೆಯ ನನ್ನ ಖಾಕಿ ಚಡ್ಡಿ ನನ್ನ ಅಳತೆಗೆ ಸರಿಹೋದದ್ದು ಅದು ಹರಿದ ದಿನ. ಅಲ್ಲಿಯವರೆಗೆ ಅದನ್ನು ಉಡದಾರಕ್ಕೆ ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ಪಾಟಿಚೀಲ, ಇನ್ನೊಂದು ಕೈಯಲ್ಲಿ ಚಡ್ಡಿ ಹಿಡಿದು ಶಾಲೆಗೆ ಹೋಗಿದ್ದೇನೆ.

ಇದನ್ನು ಯಾಕೆ ಹೇಳಿದೆನೆಂದರೆ, ನಾವು ಹರೆಯದ ಹುಡುಗರಿಗೆ ಪುಸ್ತಕ ಕೊಡುವುದೂ ಹೀಗೇ. ಎಂಟನೆಯ ಇಯತ್ತೆಯಲ್ಲಿ ನಾನು ಪ್ರಬಂಧ ಸ್ಪರ್ಧೆಯಲ್ಲಿ ಮೊದಲು ಬಂದಾಗ ಬಹುಮಾನವಾಗಿ ಕೈಗೆ ಬಂದದ್ದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’. ಕೊಟ್ಟ ಮಾಸ್ತರರ ಮನಸ್ಸು ದೊಡ್ಡದು, ಪುಸ್ತಕ ಅದಕ್ಕಿಂತ ದೊಡ್ಡದು. ಕಣ್ಣು ಹಾಯಿಸಿದಷ್ಟೂ ದೂರ ತೊಗರಿ ಹೊಲ ಮತ್ತು ಬಿಸಿಲು ಬಿಟ್ಟು ಬೇರೇನೂ ಕಾಣದ ಊರಿನ ಪೋರನಿಗೆ ಪುಟಗಟ್ಟಲೆ ಮಳೆ. ಕುಂಭದ್ರೋಣ ಮಳೆ ಎಂದರೆ ಏನು, ಜಿಗಣೆ ಎಂದರೆ ಹೇಗಿರುತ್ತದೆ, ಅಡಕೆ ಮರ ಎಷ್ಟು ಎತ್ತರ, ಯಾವುದೂ ಗೊತ್ತಿರಲಿಲ್ಲ. ಮೂವತ್ತನೆಯ ಪುಟದ ಹೊತ್ತಿಗೆ ನಾನು ದಟ್ಟ ಕಾಡಿನಲ್ಲಿ ದಾರಿ ತಪ್ಪಿದ್ದೆ. ಮುಂದೆ ಮೂರು ಬೇಸಿಗೆ ಅದು ನನಗೆ ತಲೆದಿಂಬಾಯಿತು. ಅದರ ಮೇಲೆ ತಲೆಯಿಟ್ಟು, ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಎದೆಯ ಮೇಲಿಟ್ಟುಕೊಂಡು, ಒಂದಾದ ಮೇಲೊಂದು ಮುಗಿಸಿದೆ. ಕುವೆಂಪು ಅವರ ಬೆಂಬಲವಿಲ್ಲದಿದ್ದರೆ ನನಗೆ ಓದುವ ಚಟ ಹತ್ತುತ್ತಿರಲಿಲ್ಲವೆಂದು ಈಗಲೂ ನಂಬಿದ್ದೇನೆ. (ಮದುಮಗಳನ್ನು ನಾನು ನಿಜವಾಗಿ ಓದಿದ್ದು ನಲವತ್ತು ದಾಟಿದ ಮೇಲೆ. ಆಗ ಎಷ್ಟು ಚೆನ್ನಾಗಿ ಕೂತಿತೆಂದರೆ, ಎರಡಿಂಚು ಬಿಟ್ಟ ಆ ಮಾಸ್ತರರನ್ನು ಹುಡುಕಿಕೊಂಡು ಹೋಗಬೇಕೆನಿಸಿತು.)

ನಮ್ಮ ಬಳಗ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಎಂದು ಐದು ಊರಿಗೆ ಹರಡಿಕೊಂಡಿದೆ. ಮೊದಲ ನಾಲ್ಕು ಊರಿಗೆ ರೈಲಿದೆ, ಚಿಂಚೋಳಿಗೆ ಬಸ್ಸೇ ಗತಿ. ಈ ಮಾತು ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ. ಮನೆಯಲ್ಲಿ ಎರಡು ಅಲಮಾರಿ ಪುಸ್ತಕ ಇರುವವನು ನಾನೊಬ್ಬನೇ ಆದ್ದರಿಂದ ಬಳಗದಲ್ಲಿ ನನಗೆ ವೈದ್ಯರ ಸ್ಥಾನವಿದೆ. ಹೋದ ವರ್ಷ ಒಂದು ಮದುವೆಯಲ್ಲಿ, ಊಟದ ಪಂಕ್ತಿಯಲ್ಲಿ ಹುಗ್ಗಿ ಬಡಿಸುವಾಗ ತಂಗಿ ಬಗ್ಗಿ ಕಿವಿಯಲ್ಲಿ ಕೇಳಿದಳು: "ಅಣ್ಣಾ, ನಮ್ಮ ಪೋರಿ ಮೊಬೈಲ್ ಕೈ ಬಿಡವಲ್ದು. ಒಂದು ಛಲೋ ಕಾದಂಬರಿ ಇದ್ರ ಕೊಡು." ಕೆಮ್ಮಿಗೆ ಕಷಾಯ ಕೇಳುವ ದನಿ. ನಾನೂ ವೈದ್ಯನಂತೆಯೇ "ವಯಸ್ಸೆಷ್ಟು?" ಎಂದೆ. ಪಕ್ಕದಲ್ಲಿ ಕೂತಿದ್ದ ತಮ್ಮನಿಗೆ ಇದು ಕೇಳಿಸಿತು, ಅವನ ಪಕ್ಕದಲ್ಲಿದ್ದ ಭಾವಮೈದನಿಗೂ ಕೇಳಿಸಿತು. ಮಜ್ಜಿಗೆ ಬರುವ ಹೊತ್ತಿಗೆ ನನ್ನ ದವಾಖಾನೆಗೆ ಐವರು ರೋಗಿಗಳು ದಾಖಲಾಗಿದ್ದರು: ಹನ್ನೆರಡರಿಂದ ಹದಿನೆಂಟರವರೆಗೆ, ಊರಿಗೊಬ್ಬರಂತೆ.

ಮೊದಲು ನಾನು ಹೋದದ್ದು ಗ್ರಂಥಾಲಯಕ್ಕೆ. ಒಂದು ಕಪಾಟಿನಲ್ಲಿ ಆಮೆ-ಮೊಲ, ಇನ್ನೊಂದರಲ್ಲಿ ಭೈರಪ್ಪ. ನಡುವೆ ಇರಬೇಕಾದ ಹದಿಹರೆಯದ ಜಾಗವನ್ನೆಲ್ಲ ಎಫ್‌ಡಿಎ, ಎಸ್‌ಡಿಎ, ಪಿಎಸ್‌ಐ ಗೈಡುಗಳು ಆಕ್ರಮಿಸಿದ್ದವು. ನೌಕರಿ ಮೀಸಲಾತಿಯ 371(ಜೆ) ಬಂದ ಮೇಲೆ ನಮ್ಮ ಕಡೆ ಓದು ಹೆಚ್ಚಿದೆ ಎನ್ನುವವರು ಇದನ್ನೇ ಹೇಳುತ್ತಿರಬೇಕು. 2020ರಲ್ಲಿ ‘ಓದುವ ಬೆಳಕು’ ಎಂದು ಪಂಚಾಯಿತಿ ಗ್ರಂಥಾಲಯಗಳಲ್ಲಿ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆಲ್ಲ ಪುಕ್ಕಟೆ ಸದಸ್ಯತ್ವ ಕೊಟ್ಟರು. ಒಳ್ಳೆಯ ಕೆಲಸವೇ. ಆದರೆ ಆರು ವರ್ಷದ ಕೂಸನ್ನೂ ಮೀಸೆ ಮೂಡಿದ ಹದಿನೆಂಟರವನನ್ನೂ ಒಂದೇ ಜಮಖಾನೆಯ ಮೇಲೆ ಕೂಡಿಸಿದರೆ ಇಬ್ಬರಿಗೂ ನಾಚಿಕೆ. ಅಮೆರಿಕದಲ್ಲಿ ಈ ನಡುವಿನ ವಯಸ್ಸಿನವರಿಗೆಂದೇ ಬೇರೆ ಕಪಾಟು ಇದೆ. ಅದಕ್ಕೆ ನಿಜವಾದ ಜೀವ ಬಂದದ್ದು 1967ರಲ್ಲಿ ಎಸ್. ಇ. ಹಿಂಟನ್ ಎಂಬ ಹುಡುಗಿಯ ‘ದಿ ಔಟ್‌ಸೈಡರ್ಸ್’ ಬಂದಾಗ. ಆಕೆ ಅದನ್ನು ಬರೆಯಲು ಕೂತಾಗ ಹೈಸ್ಕೂಲಿನಲ್ಲಿದ್ದಳು. ನಮ್ಮಲ್ಲಿ ಹರೆಯದವರಿಗಾಗಿ ಬರೆಯುವವರು ಸಾಮಾನ್ಯವಾಗಿ ಪಿಂಚಣಿ ಬಂದ ಮೇಲೆ ಶುರುಮಾಡುತ್ತಾರೆ. ಮೂರನೆಯ ಪುಟಕ್ಕೇ ಅಜ್ಜ ಬಂದು ನೀತಿ ಹೇಳುತ್ತಾನೆ. ನಾ. ಡಿಸೋಜರಂಥವರ ಮಾತು ಬೇರೆ. ‘ಮುಳುಗಡೆಯ ಊರಿಗೆ ಬಂದವರು’ 2011ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲ ಪುರಸ್ಕಾರ ಪಡೆದ ಪುಸ್ತಕ. ಆದರೂ ಹುಡುಗರು ಓದುತ್ತಾರೆ.

ಗ್ರಂಥಾಲಯದಿಂದ ಬರಿಗೈಲಿ ಬಂದು ಸ್ವಂತ ಅಲಮಾರಿ ತೆಗೆದೆ.

ಶಹಾಬಾದಿನ ತಮ್ಮನದು ಫರಸಿ ವ್ಯಾಪಾರ. ನಿಮ್ಮ ಮನೆಯ ನೆಲಕ್ಕೆ ಹಾಸಿರಬಹುದಾದ ಆ ಬೂದುಬಣ್ಣದ ತಣ್ಣನೆಯ ಕಲ್ಲು. ಅವನ ಮಗನಿಗೆ ಹದಿಮೂರು. ತೇಜಸ್ವಿಯವರ ‘ಕರ್ವಾಲೋ’ ಕೊಟ್ಟೆ. ಕಾಡಿನಲ್ಲಿ ಹಾರುವ ಓತಿಯನ್ನು ಹುಡುಕಿಹೋಗುವವರ ಕಥೆ. ಹದಿಮೂರಕ್ಕೆ ‘ಕರ್ವಾಲೋ’ ಹೊಂದದಿದ್ದರೆ ಈ ವೃತ್ತಿಯನ್ನೇ ಬಿಡಬೇಕು ಎಂಬ ಧೈರ್ಯದಿಂದ ಕೊಟ್ಟದ್ದು. ನಾಲ್ಕೇ ದಿನಕ್ಕೆ ಫೋನು. "ದೊಡ್ಡಪ್ಪಾ, ಓತಿ ಕೊನಿಗೆ ಸಿಗಲೇ ಇಲ್ಲಲ್ರಿ!" ಕೂಗಿನಲ್ಲಿ ಮೋಸಹೋದವನ ಸಂಕಟವಿತ್ತು. ಸಿಗದಿರುವುದೇ ಅದರ ಸೊಗಸು ಎಂದು ನಾನು ಹತ್ತು ನಿಮಿಷ ವಿವರಿಸಿದೆ. ಅವನು ಸುಮ್ಮನೆ ಕೇಳಿ, "ಅಲ್ಲಿ ಸಿಗಲಿಲ್ಲ ಅಂದ್ರ ಇಲ್ಲಿ ಇರಬಹುದು" ಎಂದು ಫೋನಿಟ್ಟ. ಮರುದಿನ ಮಧ್ಯಾಹ್ನ ಗೆಳೆಯರಿಬ್ಬರನ್ನು ಕಟ್ಟಿಕೊಂಡು ಕಲ್ಲಿನ ಗಣಿಗೆ ಹೋಗಿ, ಪೇರಿಸಿಟ್ಟ ಫರಸಿಗಳನ್ನು ಒಂದೊಂದಾಗಿ ಎತ್ತಿ ನೋಡಿದ್ದಾನೆ. ಹದಿನೇಳನೆಯ ಫರಸಿಯ ಕೆಳಗೆ ಚೇಳಿತ್ತು.

ಕೈ ಬಾತ ಫೋಟೋ ವಾಟ್ಸಾಪಿನಲ್ಲಿ ಬಂತು. ಹಿಂದೆಯೇ ತಮ್ಮನ ಫೋನು. "ಅಣ್ಣಾ, ಈ ತೇಜಸ್ವಿ ಯಾರು? ಅವರ ನಂಬರ್ ಕೊಡು."

ತೇಜಸ್ವಿ 2007ರಲ್ಲೇ ತೀರಿಕೊಂಡರಪ್ಪಾ ಎಂದೆ. ತಮ್ಮ ಒಂದು ಕ್ಷಣ ಸುಮ್ಮನಿದ್ದು, "ಪಾಪ, ಅವರಿಗೂ ಏನರೆ ಕಡದಿತ್ತೇನು?" ಎಂದ.

ವಾಡಿಯದು ಅಷ್ಟು ಅಪಾಯದ ಕೇಸಲ್ಲ. ಹನ್ನೆರಡರ ಪೋರಿ, ತಂದೆ ರೈಲ್ವೆಯವರು. ಮುಂಬೈ, ಚೆನ್ನೈ, ಹೈದರಾಬಾದು ಮೂರೂ ದಿಕ್ಕಿನ ಗಾಡಿಗಳ ಕೂಗು ಕೇಳುತ್ತ ಬೆಳೆದವಳು. ಕಾದಂಬರಿಯಲ್ಲದಿದ್ದರೂ ಇರಲೆಂದು ‘ತೊತ್ತೊಚಾನ್’ ಕೊಟ್ಟೆ. ಜಪಾನಿನ ಆ ಶಾಲೆಯ ತರಗತಿಗಳು ನಡೆಯುತ್ತಿದ್ದದ್ದು ಹಳೆಯ ರೈಲು ಡಬ್ಬಿಗಳಲ್ಲಿ. ಪೋರಿ ಅದನ್ನು ಮೂರು ಸಲ ಓದಿ, ಯಾರ್ಡಿಗೆ ಹೋಗಿ ಖಾಲಿ ನಿಂತ ಡಬ್ಬಿಗಳನ್ನು ಎಣಿಸಿ ಬಂದು, ತಂದೆಯನ್ನು ಕೇಳಿದಳಂತೆ: "ಪಪ್ಪಾ, ಇಷ್ಟು ಸಾಲಿ ಸುಮ್ನ ನಿಂತಾವಲ್ಲ, ಮಾಸ್ತರ್ ಯಾವಾಗ ಬರ್ತಾರ?" ಅವರು ಇನ್ನೂ ಉತ್ತರ ಕೊಟ್ಟಿಲ್ಲ.

ಚಿತ್ತಾಪುರದ ಸೋದರಸೊಸೆಗೆ ಹದಿನಾರು. ಪಿಯುಸಿ ಸೈನ್ಸು, ಮುಂದೆ ಡಾಕ್ಟರಿಕೆಯ ಆಸೆ. ಹೆಣ್ಣುಮಗಳು, ಡಾಕ್ಟರಿಕೆ ಎಂದು ಕೂಡಿಸಿ, ಗುಣಿಸಿ, ತ್ರಿವೇಣಿಯವರ ‘ಶರಪಂಜರ’ ಕೊಟ್ಟೆ. ಬಾಣಂತನದಲ್ಲಿ ಮನಸ್ಸು ಕೆಟ್ಟು ಆಸ್ಪತ್ರೆ ಸೇರಿ, ಗುಣವಾಗಿ ಮನೆಗೆ ಬಂದರೂ ಯಾರೂ ನಂಬದ ಕಾವೇರಿಯ ಕಥೆ. ನನ್ನ ಹೆಂಡತಿ ಇವತ್ತಿಗೂ ಕಡೆಯ ಪುಟಗಳಿಗೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ. ಪೋರಿಯ ಕಣ್ಣು ಒಣಗಿಯೇ ಇತ್ತು. ಪುಸ್ತಕ ವಾಪಸು ಕೊಡುತ್ತ ಕೇಳಿದಳು: "ಮಾಮಾ, ಡಾಕ್ಟರ್ ಬರೇ ಆಕಿಗಷ್ಟೇ ಯಾಕ ಟ್ರೀಟ್‌ಮೆಂಟ್ ಕೊಟ್ರು? ಆಕಿ ಗಂಡನ್ನೂ ಅಡ್ಮಿಟ್ ಮಾಡ್ಕೋಬೇಕಿತ್ತಲ್ಲ?"

ಅರ್ಧ ಶತಮಾನದ ವಿಮರ್ಶೆ ಓದಿದ ನನಗೆ ಇದು ಹೊಳೆದಿರಲಿಲ್ಲ. ನಾನು ಬಿಟ್ಟ ಎರಡಿಂಚು ಅವಳಿಗೆ ಬಿಗಿಯಾಗಿತ್ತು. ಚಿತ್ತಾಪುರದ ನೀರೇ ಅಂಥದ್ದಿರಬೇಕು. ಊರ ಪಕ್ಕದ ನಾಗಾವಿಯಲ್ಲಿ ಚಾಲುಕ್ಯರ ಕಾಲಕ್ಕೆ ದೊಡ್ಡ ಘಟಿಕಾಸ್ಥಾನವಿತ್ತು. 1058ರ ಶಾಸನದ ಪ್ರಕಾರ ಇನ್ನೂರೈವತ್ತರಷ್ಟು ವಿದ್ಯಾರ್ಥಿಗಳಿಗೆ ಆರು ಜನ ಸರಸ್ವತೀ ಭಂಡಾರಿಗಳು, ಅಂದರೆ ಗ್ರಂಥಪಾಲಕರು. ಹೆಚ್ಚುಕಡಿಮೆ ನಲವತ್ತು ಹುಡುಗರಿಗೊಬ್ಬ! ಐದು ಊರಿಗೆ ಒಬ್ಬನೇ ಇರುವ ನನ್ನ ಪಾಡು ಅವರಿಗೆ ಗೊತ್ತಾಗಿದ್ದರೆ ಒಂದೆರಡು ಜನರನ್ನು ಡೆಪ್ಯುಟೇಷನ್ ಮೇಲೆ ಕಳಿಸುತ್ತಿದ್ದರು. ಆ ಆರು ಜನ ಹದಿನಾರರ ಹುಡುಗರಿಗೆ ಯಾವ ತಾಳೆಗರಿ ಕೊಡುತ್ತಿದ್ದರೋ, ಅವರಿಗೂ ಇಂಥ ಪ್ರಶ್ನೆ ವಾಪಸು ಬರುತ್ತಿತ್ತೋ.

ಮನೆಯ ಹಿತ್ತಲ ಗಿಡ ಮದ್ದಲ್ಲ ಎನ್ನುವುದಕ್ಕೆ ಸೇಡಂನ ರೋಗಿ, ಅಂದರೆ ನನ್ನ ಮಗನೇ ಸಾಕ್ಷಿ. ಹದಿನೆಂಟು ತುಂಬಿದೆ, ಎಸ್‌ಡಿಎ ತಯಾರಿ. ಅವನಿಗೆಂದು ಗೀತಾ ನಾಗಭೂಷಣರ ‘ಬದುಕು’ ತೆಗೆದಿಟ್ಟಿದ್ದೆ. ಅದಕ್ಕೊಂದು ಕಾರಣವಿದೆ. ನಮ್ಮ ಕಡೆಯವರಿಗೆ ಪುಸ್ತಕದ ಕನ್ನಡವೆಂದರೆ ಯಾವಾಗಲೂ ಯಾರದೋ ಮನೆಯ ಕನ್ನಡ. ಮೈಸೂರಿನವರು ಮಾತಾಡುವಂತೆಯೇ ಪುಸ್ತಕ ಮಾತಾಡುತ್ತದೆ. ನಾವು ಮಾತಾಡಿದರೆ ಮಾಸ್ತರರು ಕೆಂಪು ಶಾಯಿ ಎಳೆಯುತ್ತಾರೆ. ಕಲಬುರಗಿಯ ಈ ಹೆಣ್ಣುಮಗಳ ಪುಸ್ತಕ ಮೊದಲ ಸಲ ತೆರೆದಾಗ ನನಗಾದದ್ದು ಸಂತೋಷವಲ್ಲ, ಗಾಬರಿ. ನಮ್ಮ ಓಣಿಯ ಬೈಗುಳ, ನಮ್ಮ ರೊಟ್ಟಿ ಬಡಿಯುವ ಸಪ್ಪಳ, ನಳದ ಕಟ್ಟೆಯ ಜಗಳ, ಎಲ್ಲ ಅಚ್ಚಾಗಿ ಕೂತಿದೆ! ಯಾರಾದರೂ ತಿದ್ದಿಬಿಟ್ಟಾರೆಂದು ಪುಸ್ತಕ ಮುಚ್ಚಿ ಸುತ್ತ ನೋಡಿದ್ದೆ.

ಇಷ್ಟೆಲ್ಲ ಪೀಠಿಕೆ ಹಾಕಿ ಮಗನ ಮುಂದೆ ‘ಬದುಕು’ ಇಟ್ಟೆ. ಅವನು ಹೊದಿಕೆ ನೋಡಿ, ಗೈಡಿನಿಂದ ತಲೆ ಎತ್ತದೆ, "ಗೊತ್ತದಪಾ. ಗೀತಾ ನಾಗಭೂಷಣ, ಕೇಂದ್ರ ಸಾಹಿತ್ಯ ಅಕಾಡೆಮಿ, 2004. ಆ ಪ್ರಶಸ್ತಿ ಪಡೆದ ಮೊದಲ ಕನ್ನಡ ಲೇಖಕಿ. ಮುಂದಿನ ಪ್ರಶ್ನಿ ಕೇಳು" ಎಂದ.

ಮುಂದಿನ ಪ್ರಶ್ನೆ ಇರಲಿಲ್ಲ. ಪುಸ್ತಕ ಅಲ್ಲೇ ಬಿದ್ದಿತ್ತು. ಒಂದು ಸಂಜೆ ಕರೆಂಟು ಹೋದಾಗ ಅವ್ವ ಬೇಜಾರಿಗೆ, "ಅದೇನದ, ಓದು" ಎಂದಳಂತೆ. ಮಗ ಮೊಬೈಲ್ ಟಾರ್ಚು ಹಾಕಿ, ಪರೀಕ್ಷೆಯ ದನಿಯಲ್ಲಿ ಓದತೊಡಗಿದ. ನಾನು ಬರುವ ಹೊತ್ತಿಗೆ ಕರೆಂಟು ಬಂದು ಅರ್ಧ ತಾಸಾಗಿತ್ತು, ಟಾರ್ಚು ಇನ್ನೂ ಉರಿಯುತ್ತಲೇ ಇತ್ತು. ಅವ್ವ ತೊಗರಿಬೇಳೆ ಹಸನು ಮಾಡುವುದನ್ನು ನಿಲ್ಲಿಸಿ, "ಹಂಗಲ್ಲೋ, ಆ ಬೈಗುಳ ಎಳೆದು ಬೈಬೇಕು. ಹಿಂಗ!" ಎಂದು ಮೊಮ್ಮಗನಿಗೆ ಉಚ್ಚಾರ ತಿದ್ದುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿ ಕೇಳಿದಳು: "ಇದು ಯಾರ ಮನಿ ಸುದ್ದಿನೋ? ನಮಗ ಪೈಕಿ ಏನು?"

ಉಳಿದದ್ದು ಚಿಂಚೋಳಿ. ಹೆಂಡತಿಯ ತಮ್ಮನ ಮಗ, ಹದಿನೈದು. ಪುಸ್ತಕ ಅಂದರೆ ದೂರ, ಸಿನಿಮಾ ಅಂದರೆ ತೆಲುಗು. ತೇಜಸ್ವಿಯವರನ್ನು ಬಿಡಲೂ ಆಗದೆ, ಚೇಳನ್ನು ಮರೆಯಲೂ ಆಗದೆ, ಅವರೂ ಪ್ರದೀಪ ಕೆಂಜಿಗೆಯವರೂ ಕನ್ನಡಕ್ಕೆ ತಂದ ‘ಪ್ಯಾಪಿಲಾನ್’ ಆರಿಸಿದೆ. ಜೈಲಿನಿಂದ ಮತ್ತೆ ಮತ್ತೆ ತಪ್ಪಿಸಿಕೊಳ್ಳುವ ಫ್ರಾನ್ಸಿನವನ ಕಥೆ. ಇದಕ್ಕಾಗಿ ಯಾವ ಕಲ್ಲನ್ನೂ ಎತ್ತಬೇಕಿಲ್ಲ. ರೈಲಿಲ್ಲವಲ್ಲ, ಪರಿಚಯದ ಕಂಡಕ್ಟರ್ ಕೈಲಿ ಕೊಟ್ಟೆ. ವಾರ ಕಳೆಯಿತು, ಪುಸ್ತಕ ಮುಟ್ಟಲಿಲ್ಲ. ಎರಡು ವಾರ. ಬಸ್‌ಸ್ಟ್ಯಾಂಡಿಗೆ ಹೋಗಿ ಕೇಳಿದೆ. ಕಂಡಕ್ಟರ್ ಸಂಕೋಚದಿಂದ ಟಿಕೇಟು ಮಷೀನಿನ ಚೀಲ ಮುಟ್ಟಿ ನೋಡಿಕೊಂಡು, "ಇನ್ನೂ ದ್ವೀಪದಾಗೇ ಅದಾನ್ರಿ ಸರ. ಈ ವಾರ ತಪ್ಪಿಸ್ಕೊಂತಾನ" ಎಂದರು.

ಸಿಟ್ಟು ಬಂದರೂ ಓದುಗನ ಮೇಲೆ ಹೇಗೆ ತೋರಿಸುವುದು? ಹುಡುಗನಿಗೆ ಫೋನು ಮಾಡಿ ಸಮಾಧಾನ ಹೇಳಲು ಹೋದೆ. "ಕತಿ ನನಗ ಗೊತ್ತದ್ರಿ ಮಾಮಾ!" ಎಂದ. ಹಳ್ಳಿಗಳಿಂದ ಪಾಸು ಹಿಡಿದು ಚಿಂಚೋಳಿ ಹೈಸ್ಕೂಲಿಗೆ ಬರುವ ಹುಡುಗರೆಲ್ಲ ಮುಂದಿನ ಬಾಗಿಲ ಹತ್ತಿರ ಗುಂಪಾಗಿ ನಿಲ್ಲುತ್ತಾರಂತೆ. ಟಿಕೇಟು ಕೊಟ್ಟು ಮುಗಿದ ಮೇಲೆ ಕಂಡಕ್ಟರ್ ಹಿಂದಿನ ರಾತ್ರಿ ಓದಿದ್ದನ್ನು ಹೇಳುತ್ತಾರಂತೆ. ಬಸ್ಸಿನಲ್ಲಿ ಪ್ಯಾಪಿಲಾನ್ ‘ಪಾಪಣ್ಣ’ ಆಗಿದ್ದಾನೆ. ಸಮುದ್ರವೆಂದರೆ ಚಂದ್ರಂಪಳ್ಳಿ ಡ್ಯಾಮಿನಂಥವು ಹತ್ತು ಸಾವಿರ. ಹುಡುಗನಿಗೆ ಒಂದೇ ಒಂದು ಅನುಮಾನ ಉಳಿದಿತ್ತು: "ಪಾಪಣ್ಣ ತೊಗರಿ ಚೀಲದ ಮ್ಯಾಲೆ ಕುಂತು ತೇಲಿಹೋದ ಅಂದ್ರು. ತೊಗರಿ ಚೀಲ ತೇಲ್ತದೇನ್ರಿ?"

ಮೂಲದಲ್ಲಿ ಅದು ತೆಂಗಿನಕಾಯಿ ಚೀಲ. ಚಿಂಚೋಳಿ ರೂಟಿನಲ್ಲಿ ತೆಂಗಿನಕಾಯಿ ಮೂಟೆ ಯಾರು ಕಂಡಿದ್ದಾರೆ? ಅನುವಾದದ ಅನುವಾದ ಹೀಗೇ ಆಗಬೇಕು. ಕ್ರಿ.ಶ. 850ರ ಸುಮಾರಿಗೆ ಇಲ್ಲೇ ಮಳಖೇಡದಲ್ಲಿ, ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ‘ಕವಿರಾಜಮಾರ್ಗ’ ಬರೆಯುವಾಗ, ಈ ನಾಡಿನ ಜನ ಕೂತು ಓದದಿದ್ದರೂ ಕಾವ್ಯದಲ್ಲಿ ಪಳಗಿದವರೆಂದು ಹೊಗಳಿಬಿಟ್ಟ. ನಮ್ಮ ಹುಡುಗರು ಅದರಲ್ಲಿ ಓದದಿರುವುದನ್ನಷ್ಟೇ ಪಾಲಿಸುತ್ತಾರೆಂದು ನಾನು ಎಷ್ಟೋ ಸಭೆಯಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಆ ಜೋಕನ್ನು ಈಗ ಹೇಳಲು ಬಾಯಿ ಬರುವುದಿಲ್ಲ. "ತೊಗರಿ ಚೀಲ ತೇಲ್ತದ, ಪಾಪಣ್ಣ ಕುಂತ್ರ ಎಲ್ಲಾ ತೇಲ್ತದ" ಎಂದೆ.

ಹೋದ ವಾರ ಕಂಡಕ್ಟರ್ ಪುಸ್ತಕ ವಾಪಸು ತಂದರು. ನಡುನಡುವೆ ಗುರುತಿಗಿಟ್ಟ ಹಳೆಯ ಟಿಕೇಟುಗಳು, ಒಂದು ಪುಟಕ್ಕೆ ಚಹಾದ ಕಲೆ. "ಸರ, ಇನ್ನೊಂದು ಕೊಡ್ರಿ. ಜರಾ ದಪ್ಪಂದು. ಇದು ಲಗೂನೇ ಮುಗೀತು, ಹುಡುಗೂರು ಬಿಡವಲ್ರು."

ಅಲಮಾರಿಯ ಕೆಳಗಿನ ಹಲಗೆಯಿಂದ, ತಲೆಯಿಟ್ಟು ಮಲಗಿದ ಜಾಗದಲ್ಲಿ ಎಣ್ಣೆಜಿಡ್ಡಿನ ಗುಂಡು ಕಲೆಯಿರುವ ‘ಮಲೆಗಳಲ್ಲಿ ಮದುಮಗಳು’ ತೆಗೆದು ಅವರ ಕೈಲಿಟ್ಟೆ. ಬಹುಮಾನದ ಚೀಟಿ ಇನ್ನೂ ಒಳಗಿತ್ತು. ಅವರು ಅಂಗೈಯಲ್ಲಿ ಮೇಲೆ-ಕೆಳಗೆ ಮಾಡಿ ತೂಕ ನೋಡಿದರು.

"ಇದಕ್ಕ ಲಗೇಜ್ ಟಿಕೇಟ್ ತಗೋಬೇಕಾಗ್ತದ್ರಿ ಸರ."