ಸೌಂಡಪ್ಪನ ಕಿವಿ

ಕೊಳ್ಳೇಗಾಲದಲ್ಲಿ ಯಾವ ಟೀ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದರೂ ಒಬ್ಬ ಸೌಂಡಪ್ಪ ಸಿಗುತ್ತಾನೆ. ಇದು ಹೆಸರಲ್ಲ, ಹುದ್ದೆ. ವಯಸ್ಸು 55ರ ಮೇಲೆ, ಕೈಯಲ್ಲಿ ಅರ್ಧ ಟೀ, ಬೆನ್ನು ರಸ್ತೆಗೆ. ಬೆನ್ನು ರಸ್ತೆಗಿರುವುದು ಮುಖ್ಯ. ಗಾಡಿಯನ್ನು ಕಣ್ಣಲ್ಲಿ ನೋಡುವವರು ನಮ್ಮಂಥ ಸಾಮಾನ್ಯರು. ಅವನು ಕೇಳುತ್ತಾನೆ. ನೀವು ಎಂಜಿನ್ ಆರಿಸುವ ಮೊದಲೇ, ತಿರುಗಿ ಕೂಡ ನೋಡದೆ ಹೇಳಿಬಿಡುತ್ತಾನೆ: "ಟೈಮಿಂಗ್ ಚೈನ್ ಹೋಗದ ಕನಿ."

ನನಗೆ ಹನೂರಿನಲ್ಲಿ ಮೇಷ್ಟ್ರ ಕೆಲಸ, ಕೊಳ್ಳೇಗಾಲದಲ್ಲಿ ಬಾಡಿಗೆ ಮನೆ, ಯಳಂದೂರಿನಲ್ಲಿ ಹೆಂಡತಿಯ ತವರು. ಹೀಗಾಗಿ ನನ್ನ 100 ಸಿಸಿ ಗಾಡಿಗೆ ಭಾನುವಾರವೂ ರಜೆಯಿಲ್ಲ. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಅದರಿಂದ ಒಂದು ಸದ್ದು ಹೊರಟಿತು. 'ಟಣ್' ಅಂತಲೂ ಅಲ್ಲ, 'ಟಕ್' ಅಂತಲೂ ಅಲ್ಲ. ಪಾತ್ರೆ ಬೆಳಗುವಾಗ ಸೌಟು ಕೈಜಾರಿದಂತೆ. ಹನೂರಿಗೆ ಹೆಚ್ಚುಕಮ್ಮಿ 25 ಕಿಲೋಮೀಟರ್ ದಾರಿ. ಮಧುವನಹಳ್ಳಿ ದಾಟಿದ ಮೇಲೆ ಶುರುವಾಗುತ್ತಿತ್ತು, ಕಾಮಗೆರೆಯಲ್ಲಿ ಜೋರಾಗುತ್ತಿತ್ತು. ಹನೂರು ಮುಟ್ಟಿ, ಗಾಡಿಗೆ ಸ್ಟ್ಯಾಂಡ್ ಹಾಕಿ, ಬಗ್ಗಿ ಕಿವಿಗೊಟ್ಟರೆ ಇನ್‌ಸ್ಪೆಕ್ಟರು ಬಂದ ದಿನದ ತರಗತಿಯಂತೆ ತೆಪ್ಪಗಿರುತ್ತಿತ್ತು.

ಸೌಂಡಪ್ಪನಿಗೆ ಹೇಳಿದೆ. ತಪ್ಪು ನನ್ನದೇ.

"ಬೆಳಿಗ್ಗ ಬತ್ತದೋ, ಬಿಸಿ ಆದ್ಮೇಲ ಬತ್ತದೋ? ಕ್ಲಚ್ ಹಿಡುದ್ರ ನಿಲ್ತದಾ? ಹಿಂದ್ಗಡ ಅಮ್ಮಾವ್ರು ಕೂತಿದ್ರ ಜಾಸ್ತಿಯೋ ಕಮ್ಮಿಯೋ?"

ನಿಜ ಹೇಳಬೇಕೆಂದರೆ ಇವೆಲ್ಲ ಒಳ್ಳೆಯ ಪ್ರಶ್ನೆಗಳು. ನಿಂತಲ್ಲೇ ಆಕ್ಸಿಲರೇಟರ್ ತಿರುವಿದಾಗ ಏರುವ ಸದ್ದು ಎಂಜಿನ್ನಿನದು. ಗಾಡಿ ಉರುಳಿದಾಗ ಮಾತ್ರ ಬರುವುದು ಚೈನಿನದೋ ಚಕ್ರದ ಬೇರಿಂಗಿನದೋ ಇರಬೇಕು. ಬಲ್ಲ ಮೆಕ್ಯಾನಿಕ್ಕನೂ ಇಲ್ಲಿಂದಲೇ ಶುರುಮಾಡುತ್ತಾನೆ. ವ್ಯತ್ಯಾಸವೆಂದರೆ ಸೌಂಡಪ್ಪ ಉತ್ತರಕ್ಕೆ ಕಾಯುವುದಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ತನ್ನ ಮೊಪೆಡ್ಡಿನಿಂದ ಉದ್ದನೆಯ ಸ್ಕ್ರೂಡ್ರೈವರ್ ತಂದು, ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ ಕಣ್ಣು ಮುಚ್ಚಿದ್ದ. ಒಳಗಿನ ಸದ್ದು ಕಬ್ಬಿಣದಲ್ಲಿ ಹಾದು ಕಿವಿಗೆ ಬರುತ್ತದೆ. ಡಾಕ್ಟರ ಸ್ಟೆತಾಸ್ಕೋಪಿಗೆ ಇರುವ ಮರ್ಯಾದೆ ಇದಕ್ಕೂ ಸಲ್ಲಬೇಕು. ಟೀ ಕುಡಿಯುತ್ತಿದ್ದವರೆಲ್ಲ ಲೋಟ ಕೆಳಗಿಟ್ಟರು. ಆಪರೇಷನ್ ಥಿಯೇಟರಿನ ಹೊರಗೆ ನಿಂತಂತಾಯಿತು ನನಗೆ.

"ಟ್ಯಾಪೆಟ್ಟು," ಎಂದ.

ಒಬ್ಬ ಸೌಂಡಪ್ಪ ಇರುವಲ್ಲಿ ಇನ್ನೊಬ್ಬ ಹುಟ್ಟುತ್ತಾನೆ. ಬೆಂಚಿನ ಆ ತುದಿಯಿಂದ "ಟ್ಯಾಪೆಟ್ಟೂ ಅಲ್ಲ, ಏನೂ ಅಲ್ಲ, ಹ್ಯಾಂಡಲ್ ಕೋನ್ ಸೆಟ್ಟು" ಎಂಬ ದನಿ ಬಂತು. ಮೂರನೆಯವನು ಚೈನ್ ಸ್ಪ್ರಾಕೆಟ್ ಎಂದ. ಜನ್ಮದಲ್ಲಿ ಬೈಕ್ ಮುಟ್ಟದ ರೇಷ್ಮೆ ಸೀರೆಯ ವ್ಯಾಪಾರಿಯೊಬ್ಬರು "ಪೆಟ್ರೋಲ್ ಬಂಕ್ ಬದಲಾಯಿಸಿ ನೋಡಿ ಮೇಷ್ಟ್ರೇ" ಎಂದರು.

ವಾರವೆಲ್ಲ ಇವರ ಜತೆ ಟೀ ಕುಡಿದ ಮೇಲೆ ಗುಟ್ಟು ಗೊತ್ತಾಯಿತು. ಕೋನ್ ಸೆಟ್ ಎಂದವನು ಮೊನ್ನೆ ತಾನೇ ಕೋನ್ ಸೆಟ್ ಹಾಕಿಸಿದ್ದ. ಸ್ಪ್ರಾಕೆಟ್ ಎಂದವನ ಚೈನು ನಡುದಾರಿಯಲ್ಲಿ ತುಂಡಾಗಿ ಗಾಡಿಯನ್ನು ಮಾಂಬಳ್ಳಿಯವರೆಗೆ ತಳ್ಳಿಕೊಂಡು ಹೋಗಿದ್ದ. ನನ್ನ ಗಾಡಿಗೆ ಯಾರೂ ಕಿವಿಗೊಟ್ಟಿರಲೇ ಇಲ್ಲ. ತಂತಮ್ಮ ಗಾಡಿಯ ಹಳೇ ಕಾಯಿಲೆ ಅವರ ಕಿವಿಯಲ್ಲಿ ಇನ್ನೂ ಮೊರೆಯುತ್ತಿತ್ತು, ಅಷ್ಟೆ.

ಸೌಂಡಪ್ಪನ ಕಿವಿಯಲ್ಲಿದ್ದದ್ದು ಯೆಜ್ಡಿ. ಅದನ್ನು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿ ತಯಾರಿಸಲು ಶುರುಮಾಡಿ 1996ರಲ್ಲಿ ಬಾಗಿಲು ಹಾಕಿತು. ಆ ನಡುವೆ ಯಾವುದೋ ಒಂದು ವರ್ಷ ರೇಷ್ಮೆಗೂಡಿನ ದುಡ್ಡು ಕೈಗೆ ಬಂದಾಗ ಇವನು ಅದನ್ನು ತಂದಿದ್ದನಂತೆ. 250 ಸಿಸಿ, ಒಂದು ಸಿಲಿಂಡರಿಗೆ ಎರಡು ಸೈಲೆನ್ಸರು, ಕಿಕ್ ಹೊಡೆಯುವ ಕಡ್ಡಿಯೇ ಮಡಚಿದರೆ ಗೇರು. "ನಾನು ಮರಡಿಗುಡ್ಡದ ತಾವು ಬತ್ತಿದ್ರ ಸಾಕು, ಸೌಂಡ್ ಕೇಳ್ಬುಟ್ಟು ಮನೇಲಿ ಮುದ್ದ ಕಟ್ಟೋರು" ಎನ್ನುವಾಗ ಅವನ ದನಿ ಒದ್ದೆಯಾಗುತ್ತದೆ. ಅದರ ಟ್ಯಾಪೆಟ್ಟನ್ನು ತಾನೇ ಕೈಯಾರೆ ಅಡ್ಜಸ್ಟ್ ಮಾಡುತ್ತಿದ್ದೆನೆಂದೂ ಹೇಳಿದ. ಟೂ ಸ್ಟ್ರೋಕ್ ಯೆಜ್ಡಿಗೆ ವಾಲ್ವೇ ಇಲ್ಲ, ವಾಲ್ವಿಲ್ಲದ ಮೇಲೆ ಟ್ಯಾಪೆಟ್ ಎಲ್ಲಿಂದ ಬಂತು? ನಾನು ಕೇಳಲಿಲ್ಲ. ಮಾರಿದ ಗಾಡಿಯ ಬಗ್ಗೆ ಗಂಡಸು ಹೇಳುವ ಸುಳ್ಳಿಗೆ ಮೇಷ್ಟ್ರಾದವನೂ ಕೆಂಪು ಗೆರೆ ಎಳೆಯಬಾರದು. ಅವನ ಈಗಿನ ಮೊಪೆಡ್ಡು ಗುಜರಿ ತುಂಬಿದ ಗಾಡಿಯಂತೆ ಗಡಗಡ ಎನ್ನುತ್ತದೆ. ಕೇಳಿದರೆ, "ಅದರ ಸೌಂಡೇ ಹಂಗ." ಎಲೆಕ್ಟ್ರಿಕ್ ಸ್ಕೂಟರನ್ನು ಮಾತ್ರ ಅವನು ಗಾಡಿಯೆಂದು ಒಪ್ಪಿಲ್ಲ, ಬೆನ್ನ ಹಿಂದೆ ಸದ್ದಿಲ್ಲದೆ ಬಂದದ್ದೊಂದು ಅವನ ಚಪ್ಪಲಿಯ ಮೇಲೇ ಹತ್ತಿತ್ತು.

ಹನೂರಿನ ಸೌಂಡಪ್ಪಂದಿರ ಶಾಸ್ತ್ರ ಬೇರೆ. ಅಲ್ಲಿ ಕಾಯಿಲೆ ಯಾವುದಾದರೂ ಕಾರಣ ಒಂದೇ. "ಬೆಟ್ಟಕ್ಕ ಹೋಗಿದ್ರಾ?" ಕೌದಳ್ಳಿ ಕಳೆದು, ತಾಳಬೆಟ್ಟದಿಂದ ಮೇಲಕ್ಕೆ ಆ ತಿರುವುಗಳಲ್ಲಿ ಮೂವರನ್ನು ಹೊತ್ತು ಮಾದಪ್ಪನ ಸನ್ನಿಧಿಗೆ ಏರಿದ ಗಾಡಿ ಮೊದಲಿನಂತಿರುವುದಿಲ್ಲ ಎಂಬುದು ಅವರ ನಂಬಿಕೆ. ಈ ವರ್ಷ ಹೋಗಿಲ್ಲ ಎಂದೆ. "ಅದ್ಕೇಯ ಮತ್ತ! ಒಂದ್ಸಲ ಹೋಗ್ಬುಟ್ಟು ಬನ್ನಿ, ಸರಿಹೋಯ್ತದ."

ಅಷ್ಟರಲ್ಲಿ ನಾನು ಟ್ಯಾಪೆಟ್ ಮಾಡಿಸಿ, ಕೋನ್ ಸೆಟ್ ಮತ್ತು ಚೈನ್ ಸ್ಪ್ರಾಕೆಟ್ ಎರಡನ್ನೂ ಹೊಸದಾಗಿ ಹಾಕಿಸಿದ್ದೆ. ಸದ್ದು ಅದೇ ಇತ್ತು, ಈಗ ಹೊಸ ಸಾಮಾನುಗಳ ನಡುವೆ ಇನ್ನೂ ಸ್ಪಷ್ಟವಾಗಿ ಕೇಳುತ್ತಿತ್ತು. ಯಳಂದೂರಿನಲ್ಲಿ ಮಾವನವರು ಗೌರೀಶ್ವರ ದೇವಸ್ಥಾನದ ಬಳೆಮಂಟಪದ ಕಡೆ ಕೈ ತೋರಿಸಿ, "ಕಲ್ಲಲ್ಲಿ ಕಡ್ದಿರೋ ಸರಪಣಿ ಅದು, ಇವತ್ತಿಗೂ ಸದ್ದಿಲ್ಲ. ನಿಮ್ ಕಬ್ಬಿಣದ ಚೈನ್ ಆರ್ ತಿಂಗಳು ಬರ್‌ನಿಲ್ಲ ಅಳಿಯಂದ್ರೇ" ಎಂದರು. ಅದು ಗಾಡಿಯ ಬಗ್ಗೆ ಹೇಳಿದ್ದೋ ನನ್ನ ಬಗ್ಗೆಯೋ ತಿಳಿಯಲಿಲ್ಲ.

ಅಲ್ಲೇ ರಸ್ತೆ ಬದಿ ಮೀಸೆ ಚಿಗುರುತ್ತಿದ್ದ ಹುಡುಗನೊಬ್ಬ ಗ್ಯಾರೇಜ್ ಇಟ್ಟಿದ್ದ. ನನ್ನ ಪುರಾಣವನ್ನೆಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದ. "ಎಂಜಿನ್ ಆಫ್ ಮಾಡ್ಬುಟ್ಟು ದಬ್ಬಿ ನೋಡಿದ್ರಾ ಸಾ?"

ಇಲ್ಲ. ಇಷ್ಟು ಜನ ಪಂಡಿತರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಹುಡುಗ ಎಂಜಿನ್ ಆರಿಸಿ, ಅಂಗಡಿಯ ಮುಂದಿನ ಚಪ್ಪಡಿಯಿಂದ ಗಾಡಿಯನ್ನು ದಡಕ್ಕನೆ ರಸ್ತೆಗೆ ಇಳಿಸಿದ. ಸೌಟು ಕೈಜಾರಿತು! ನನ್ನ ಸದ್ದು, ಸಾಕ್ಷಾತ್ ಅದೇ. ಅವನು ಬಗ್ಗಿ ನಡುವಿನ ಸ್ಟ್ಯಾಂಡನ್ನು ಬೆರಳಲ್ಲಿ ಅಲ್ಲಾಡಿಸಿದ. ಸ್ಪ್ರಿಂಗು ಸೊರಗಿ, ಕೆಳಗಿನ ರಬ್ಬರ್ ಉದುರಿ, ಹಂಪು ಬಂದಾಗಲೆಲ್ಲ ಅದು ಜೋತು ಹೋಗಿ ಸೈಲೆನ್ಸರಿಗೆ ಬಡಿಯುತ್ತಿತ್ತು. ಗಾಡಿಯನ್ನು ತಪಾಸಣೆಗೆ ನಿಲ್ಲಿಸಿದಾಗಲೆಲ್ಲ ನಾವು ಅದೇ ಸ್ಟ್ಯಾಂಡಿನ ಮೇಲೇ ನಿಲ್ಲಿಸುತ್ತಿದ್ದೆವು. ಕಳ್ಳನ ಹೆಗಲ ಮೇಲೆ ಕೂತು ಊರೆಲ್ಲ ಹುಡುಕಿದಂತಾಗಿತ್ತು. ಸ್ಪ್ರಿಂಗು, ರಬ್ಬರು ಎರಡಕ್ಕೂ ಸೇರಿ ಆದ ಖರ್ಚು ಆ ವಾರ ನಾನು ಸೌಂಡಪ್ಪಂದಿರಿಗೆ ಕುಡಿಸಿದ ಟೀಗಿಂತ ಕಮ್ಮಿ.

ಸೋಮವಾರ ಅದೇ ಟೀ ಅಂಗಡಿಯ ಮುಂದೆ ನಿಂತೆ. ಸೌಂಡಪ್ಪ ಮೊದಲ ಸಲ ತಿರುಗಿ ನೋಡಿದ.

"ಯಾಕ ಮೇಷ್ಟ್ರೇ, ಸೌಂಡೇ ಇಲ್ಲ?"

ಸ್ಟ್ಯಾಂಡಿನ ಸ್ಪ್ರಿಂಗು ಎಂದೆ. ಅವನು ನಗಲಿಲ್ಲ. ಲೋಟ ಕೆಳಗಿಟ್ಟು, ಹತ್ತಿರ ಬಂದು, ತಗ್ಗಿದ ದನಿಯಲ್ಲಿ ಹೇಳಿದ: "ಮಕ್ಕಳಿಗ ಅಮ್ಮ ಆದಾಗ ಗುಳ್ಳ ಮೇಲಕ್ಕ ಏಳ್ದೆ ಒಳಿಕ್ಕೇ ಇಳುದ್ಬುಟ್ರ ಏನಾಯ್ತದ ಹೇಳಿ? ಹಂಗೇಯ ಇದೂವ. ಸೌಂಡು ಒಳಿಕ್ಕ ಹೋಗ್ಬುಟ್ಟದ. ಉಸಾರು."

ಕಾಮಗೆರೆಯ ಹಂಪಿನ ಮೇಲೆ ಗಾಡಿ ಎಗರಿತು. ಏನೂ ಸದ್ದಾಗಲಿಲ್ಲ. ಸ್ವಲ್ಪ ಮುಂದೆ ಹೋಗಿ ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಹೆಲ್ಮೆಟ್ ತೆಗೆದು, ಬಗ್ಗಿ ಕಿವಿಗೊಟ್ಟೆ. ಹಿಂದಿನಿಂದ ಬಂದವರೊಬ್ಬರು ಗಾಡಿ ನಿಧಾನಿಸಿ ಕೇಳಿದರು:

"ಏನ್ ಸಾ, ಟೈಮಿಂಗ್ ಚೈನಾ?"